ಮೋಡದ ಕಾಡು ಮತ್ತು ಅದನ್ನು ಕಾಯ್ದವರು

ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಚರಿತ್ರೆಯನ್ನು ಬೋಧಿಸಿದವಳು ನಾನು. ಗೋಡೆಯ ಭೂಪಟದ ಮೇಲೆ ಮಧ್ಯ ಅಮೆರಿಕವನ್ನು ಕೋಲಿನಿಂದ ಒಮ್ಮೆ ತೋರಿಸಿ ಮುಂದಕ್ಕೆ ಸಾಗುವುದಷ್ಟೇ ನನಗೆ ರೂಢಿಯಾಗಿತ್ತು. ಪಠ್ಯಪುಸ್ತಕದಲ್ಲಿ ಆ ಪುಟ್ಟ ದೇಶಗಳಿಗೆ ಸ್ಥಳವಿರಲಿಲ್ಲ. 2023ರ ಫೆಬ್ರವರಿಯಲ್ಲಿ ಮಗಳು, ಅಳಿಯ ಮತ್ತು ಮೊಮ್ಮಗಳೊಡನೆ ಕೋಸ್ಟರಿಕಾ ದೇಶದ ಮೊಂಟೆವರ್ಡೆ ಎಂಬ ಬೆಟ್ಟದೂರಿಗೆ ಹೋಗಿಬರುವ ಯೋಗ ಒದಗಿತು. ಅಲ್ಲಿ ಕಂಡದ್ದಕ್ಕಿಂತಲೂ ಅಲ್ಲಿಯ ಚರಿತ್ರೆಯನ್ನು ತಿಳಿದು ಮನಸ್ಸು ಕಲಕಿತು. ಅದನ್ನು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಅರೆನಾಲ್ ಜ್ವಾಲಾಮುಖಿಯ ತಪ್ಪಲಿನಲ್ಲಿರುವ ಲಾ ಫೋರ್ಟುನಾ ಎಂಬ ಊರಿನಿಂದ ನಾವು ಹೊರಟೆವು. 1968ರ ಜುಲೈಯಲ್ಲಿ ಹಠಾತ್ತನೆ ಸಿಡಿದು 87 ಜನರನ್ನು ಬಲಿ ತೆಗೆದುಕೊಂಡ ಪರ್ವತವದು; 2010ರಿಂದೀಚೆಗೆ ಶಾಂತವಾಗಿದೆ. ಅಲ್ಲಿಂದ ಮೊಂಟೆವರ್ಡೆಗೆ ಹಕ್ಕಿ ಹಾರುವ ದೂರ ಅಲ್ಪವೇ. ಆದರೆ ನಡುವೆ ಅರೆನಾಲ್ ಸರೋವರವೂ ತಿಲರಾನ್ ಪರ್ವತಶ್ರೇಣಿಯೂ ಅಡ್ಡಲಾಗಿವೆ. ಆದುದರಿಂದ ಪ್ರವಾಸಿಗರನ್ನು ಶಟಲ್ ವ್ಯಾನಿನಲ್ಲಿ ದಡದವರೆಗೆ ಒಯ್ದು, ದೋಣಿಯಲ್ಲಿ ಸರೋವರ ದಾಟಿಸಿ, ಆಚೆಯ ದಡದಲ್ಲಿ ಮತ್ತೊಂದು ವ್ಯಾನಿಗೆ ಹತ್ತಿಸುತ್ತಾರೆ. ಎಲ್ಲ ಸೇರಿ ಮೂರು ಗಂಟೆಗೂ ಹೆಚ್ಚಿನ ಪ್ರಯಾಣ.

ಆ ಸರೋವರದ ಈಗಿನ ವಿಸ್ತಾರ ಮನುಷ್ಯನ ಕೈಯಿಂದಾದದ್ದು. 1979ರಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿದಾಗ ಹಳೆಯ ಅರೆನಾಲ್ ಮತ್ತು ಟ್ರೊನಡೋರಾ ಎಂಬ ಊರುಗಳು ಮುಳುಗಿದವು. ಜನರನ್ನು ಬೇರೆಡೆಗೆ ಸಾಗಿಸಿ ನೆಲೆಗೊಳಿಸಿದರು. ಸಾಗರ ತಾಲ್ಲೂಕಿನಲ್ಲಿ ಹುಟ್ಟಿ, ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರ ನಡುವೆ ಬೆಳೆದವಳಿಗೆ ದೋಣಿಯಲ್ಲಿ ಕುಳಿತಾಗ ಕೆಳಗಿನ ನೀರನ್ನು ಬರಿಯ ನೀರೆಂದು ನೋಡಲಾಗಲಿಲ್ಲ.

ಆಚೆಯ ದಡದಿಂದ ಏರುವ ಮಣ್ಣಿನ ಹಾದಿ ನಮ್ಮ ಮಲೆನಾಡಿನ ಹಳೆಯ ರಸ್ತೆಗಳನ್ನು ನೆನಪಿಸಿತು. ವ್ಯಾನು ಕುಲುಕಾಡಿದಂತೆಲ್ಲ ಮೊಮ್ಮಗಳು, "ಅಜ್ಜಿ, ಇಷ್ಟು ಜನ ಬರೋ ಊರಿಗೆ ರಸ್ತೆ ಯಾಕೆ ಹೀಗಿದೆ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ತಿಳಿಯಿತು: ರಸ್ತೆ ಸುಧಾರಿಸಬೇಕೇ ಬೇಡವೇ ಎಂಬುದು ಆ ಊರಿನಲ್ಲಿ ದಶಕಗಳ ಕಾಲ ನಡೆದ ಚರ್ಚೆ. ರಸ್ತೆ ನುಣುಪಾದರೆ ಜನಸಂದಣಿ ಹೆಚ್ಚಿ ಕಾಡು ಸವೆದೀತೆಂಬ ಅಂಜಿಕೆ ಕೆಲವರದು. ಕಾಯಿಲೆಯವರನ್ನು ಆಸ್ಪತ್ರೆಗೆ ಒಯ್ಯುವುದು ಹೇಗೆಂಬ ಪ್ರಶ್ನೆ ಇನ್ನು ಕೆಲವರದು. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಪಶ್ಚಿಮದ ಹೆದ್ದಾರಿಯಿಂದ ಮೇಲೇರುವ ಮುಖ್ಯ ರಸ್ತೆಗೆ ಪೂರ್ತಿಯಾಗಿ ಡಾಂಬರು ಬಿದ್ದದ್ದು ತೀರ ಈಚೆಗೆ.

ಈ ಊರನ್ನು ಕಟ್ಟಿದವರ ಕಥೆ ಆರಂಭವಾಗುವುದು ಅಮೆರಿಕದ ಅಲಬಾಮಾ ರಾಜ್ಯದ ಫೇರ್‌ಹೋಪ್ ಎಂಬಲ್ಲಿ. ಅಲ್ಲಿ ಕ್ವೇಕರ್ ಪಂಥದ ಕೆಲವು ಕುಟುಂಬಗಳಿದ್ದವು. ಯುದ್ಧವನ್ನು ಯಾವ ಕಾರಣಕ್ಕೂ ಒಪ್ಪದ ಕ್ರೈಸ್ತ ಪಂಥವದು; 1947ರ ನೊಬೆಲ್ ಶಾಂತಿ ಪ್ರಶಸ್ತಿ ಈ ಪಂಥದ ಸೇವಾಸಂಸ್ಥೆಗಳಿಗೇ ಸಂದಿತ್ತು. ಮರುವರ್ಷ ಅಮೆರಿಕವು ತರುಣರು ಸೈನ್ಯಸೇವೆಗಾಗಿ ಹೆಸರು ನೋಂದಾಯಿಸಬೇಕೆಂಬ ಕಾನೂನು ತಂದಿತು. ಫೇರ್‌ಹೋಪಿನ ನಾಲ್ವರು ತರುಣ ಕ್ವೇಕರರು ಇದಕ್ಕೆ ಒಪ್ಪದೆ 1949ರಲ್ಲಿ ಸೆರೆಮನೆ ಸೇರಿದರು. ಅವರಲ್ಲೊಬ್ಬ ವಿಲ್ಫರ್ಡ್ ಗಿಂಡನ್. ಎಲ್ಲರೂ ಅವನನ್ನು 'ವುಲ್ಫ್' ಎನ್ನುತ್ತಿದ್ದರು.

ಇತ್ತ ಕೋಸ್ಟರಿಕಾದಲ್ಲಿ ಬೇರೆಯೇ ಗಾಳಿ ಬೀಸುತ್ತಿತ್ತು. 1948ರ ಅಂತರ್ಯುದ್ಧದಲ್ಲಿ ಗೆದ್ದ ಹೊಸೆ ಫಿಗೆರೆಸ್ ಅದೇ ವರ್ಷದ ಡಿಸೆಂಬರ್ 1ರಂದು ದೇಶದ ಸೈನ್ಯವನ್ನೇ ರದ್ದುಗೊಳಿಸಿದರು. ರಾಜಧಾನಿಯ ಸೈನಿಕ ಠಾಣ್ಯದ ಗೋಡೆಗೆ ಸುತ್ತಿಗೆಯ ಏಟು ಹಾಕಿ ಅದನ್ನು ಸಾರಿದರು. ಆ ಕಟ್ಟಡ ಮುಂದೆ ವಸ್ತುಸಂಗ್ರಹಾಲಯವಾಯಿತು. 1949ರ ಸಂವಿಧಾನದ 12ನೆಯ ವಿಧಿ ಅದನ್ನು ಸ್ಥಿರಗೊಳಿಸಿತು. ಯುದ್ಧವನ್ನು ಗೆದ್ದವನೇ ಸೈನ್ಯವನ್ನು ಬಿಟ್ಟುಕೊಟ್ಟ ಇಂಥ ಪ್ರಸಂಗವನ್ನು ನನ್ನ ವಿದ್ಯಾರ್ಥಿಗಳಿಗೆ ಒಮ್ಮೆಯೂ ಹೇಳಲಿಲ್ಲವಲ್ಲ ಎಂಬ ಕೊರಗು ನನಗಿದೆ.

ಸೈನ್ಯವಿಲ್ಲದ ನಾಡನ್ನು ಅರಸಿ ಸುಮಾರು ಹನ್ನೊಂದು ಕುಟುಂಬಗಳ 44 ಜನ ಅಲಬಾಮಾ ಬಿಟ್ಟು ಹೊರಟರು. 1951ರಲ್ಲಿ ತಿಲರಾನ್ ಶ್ರೇಣಿಯ ಮೇಲೆ ಸುಮಾರು 1,400 ಹೆಕ್ಟೇರು ನೆಲವನ್ನು ಕೊಂಡು, 'ಹಸಿರು ಬೆಟ್ಟ' ಎಂಬರ್ಥದ ಮೊಂಟೆವರ್ಡೆ ಎಂದು ಹೆಸರಿಟ್ಟರು. ಮೇಲಕ್ಕೆ ಎತ್ತಿನ ಗಾಡಿಯ ಜಾಡಷ್ಟೇ ಇತ್ತು. ದನ ಸಾಕಿದರು, ಹಾಲು ಕೆಳಗಿನ ಪೇಟೆ ಮುಟ್ಟುವಷ್ಟರಲ್ಲಿ ಕೆಟ್ಟುಹೋಗುತ್ತಿದ್ದುದರಿಂದ ಗಿಣ್ಣು ಮಾಡಿ ಮಾರತೊಡಗಿದರು. ಇಲ್ಲಿ ಗಿಣ್ಣು ಎಂದರೆ ಚೀಸ್. ನಮ್ಮ ಈದ ಹಸುವಿನ ಗಿಣ್ಣಲ್ಲ.

ಹುಲ್ಲುಗಾವಲಿಗಾಗಿ ಅವರೂ ಕಾಡು ಕಡಿದರೆಂಬುದನ್ನು ಮರೆಮಾಚಬೇಕಿಲ್ಲ. ಆದರೆ ಕೊಂಡ ನೆಲದ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು, ಎಂದರೆ 554 ಹೆಕ್ಟೇರು, ಬೆಟ್ಟದ ನೆತ್ತಿಯ ಕಾಡನ್ನು ಅವರು ಮುಟ್ಟಲಿಲ್ಲ. ಅದು ತಮ್ಮ ಹೊಳೆಯ ಮೂಲ ಎಂಬ ಸರಳ ವಿವೇಕ ಅವರದು. ಪರಿಸರ ಸಂರಕ್ಷಣೆ ಎಂಬ ಮಾತು ಮನೆಮಾತಾಗುವುದಕ್ಕೆ ಎರಡು ದಶಕ ಮೊದಲಿನ ಸಂಗತಿಯಿದು.

ಆ ಕಾಡು ಬದುಕುವ ಬಗೆ ವಿಸ್ಮಯಕರವಾದದ್ದು. ಕೆರಿಬಿಯನ್ ಕಡಲಿನಿಂದ ಬೀಸುವ ತೇವದ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರಿ, ತಣಿದು ಮೋಡವಾಗುತ್ತದೆ. ಮೋಡ ಮರಗಳ ನಡುವೆ ಹಾದುಹೋಗುವಾಗ ಎಲೆಗಳೂ ಹಾವಸೆಗಳೂ ಅದರಿಂದ ನೀರನ್ನು ಸೋಸಿಕೊಳ್ಳುತ್ತವೆ. ಮಳೆಯಿಲ್ಲದ ಹೊತ್ತಿನಲ್ಲೂ ಕಾಡು ತೊಟ್ಟಿಕ್ಕುತ್ತಲೇ ಇತ್ತು. ಮರ ಕಡಿದರೆ ಮೋಡ ಹಾಗೆಯೇ ದಾಟಿಹೋಗುತ್ತದೆ. ಹೊಳೆಗೆ ಸೇರಬೇಕಾದ ಆ ಪಾಲು ತಪ್ಪುತ್ತದೆ.

ವುಲ್ಫ್ ಗಿಂಡನ್ ಕೂಡ ಮೊದಲಿಗೆ ಕಾಡು ಕಡಿದವರೇ. ಯಂತ್ರಗರಗಸಗಳನ್ನು ಮಾರುತ್ತಲೂ ಇದ್ದರು. 1970ರ ಸುಮಾರಿಗೆ ಜಾರ್ಜ್ ಪೊವೆಲ್ ಎಂಬ ಯುವ ಜೀವವಿಜ್ಞಾನಿ ಸಂಶೋಧನೆಗಾಗಿ ಅಲ್ಲಿಗೆ ಬಂದರು. ಅವರೊಡನೆ ಕಾಡು ಸುತ್ತುತ್ತ ವುಲ್ಫ್ ಬದಲಾದರು. ಇಬ್ಬರೂ ಶ್ರಮಿಸಿ 1972ರಲ್ಲಿ ಮೊಂಟೆವರ್ಡೆ ಮೋಡದ ಕಾಡಿನ ರಕ್ಷಿತಾರಣ್ಯವನ್ನು ಸ್ಥಾಪಿಸಿದರು. ಕ್ವೇಕರರು ಕಾಯ್ದಿಟ್ಟ ಜಲಮೂಲದ ಕಾಡೂ ಮುಂದೆ ಅದರ ಆಡಳಿತಕ್ಕೆ ಸೇರಿತು. ಗರಗಸ ಮಾರಿದವರು ಕಾಡಿನ ಕಾವಲುಗಾರರಾಗಿ ದಶಕಗಳ ಕಾಲ ಆ ಜಾಡುಗಳಲ್ಲಿ ನಡೆದರು. 2016ರಲ್ಲಿ ತೀರಿಕೊಂಡರು.

ಶಿಕ್ಷಕಿಯಾದ ನನಗೆ ಅತ್ಯಂತ ಪ್ರಿಯವಾದದ್ದು ಸ್ವೀಡನ್ನಿನ ಮಕ್ಕಳ ಕಥೆ. 1987ರಲ್ಲಿ ಅಲ್ಲಿಯ ಒಂದು ಸಣ್ಣ ಹಳ್ಳಿಶಾಲೆಯಲ್ಲಿ ಎಹಾ ಕೆರ್ನ್ ಎಂಬ ಶಿಕ್ಷಕಿ ಮಳೆಕಾಡುಗಳ ವಿನಾಶದ ಪಾಠ ಮಾಡುತ್ತಿದ್ದರು. ನಾವೇ ಹಣ ಕೂಡಿಸಿ ಕಾಡು ಕೊಳ್ಳಬಾರದೇಕೆ ಎಂದು ಮಕ್ಕಳು ಕೇಳಿದರು. ಮೊಂಟೆವರ್ಡೆಯಲ್ಲಿ ಕೆಲಸ ಮಾಡಿದ್ದ ಶರಾನ್ ಕಿನ್ಸ್‌ಮನ್ ಎಂಬ ಜೀವವಿಜ್ಞಾನಿ ಶಾಲೆಗೆ ಬಂದು ದಾರಿ ತೋರಿದರು. ಮಕ್ಕಳು ಹಣ ಕೂಡಿಸಿ ಮೊದಲು ಕೊಂಡದ್ದು ಆರು ಹೆಕ್ಟೇರಿನಷ್ಟು. ಬಳಿಕ 44 ದೇಶಗಳ ಮಕ್ಕಳು ಕೈಜೋಡಿಸಿದರು. 'ಮಕ್ಕಳ ಚಿರಂತನ ಅರಣ್ಯ' ಎನಿಸಿದ ಅದರ ವಿಸ್ತಾರ ಇಂದು 22,000 ಹೆಕ್ಟೇರನ್ನು ಮೀರಿದೆ. ಪಾಠವನ್ನು ಪರೀಕ್ಷೆಗೆಂದು ಕೇಳದೆ ಬದುಕಿಗೆಂದು ಕೇಳಿದ ಮಕ್ಕಳವರು.

ಹಾಗೆಂದು ಎಲ್ಲವೂ ಉಳಿಯಿತೆಂದಲ್ಲ. ಆ ಬೆಟ್ಟದ ಒಂದಿಷ್ಟು ಜಾಗದಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಇಲ್ಲದ ಹೊನ್ನಿನ ಬಣ್ಣದ ಗಪ್ಪೆಯೊಂದಿತ್ತು. 1987ರಲ್ಲಿ 1,500ಕ್ಕೂ ಹೆಚ್ಚು ಗಪ್ಪೆಗಳು ಕಂಡಿದ್ದವು. 1988ರಲ್ಲಿ ಬೆರಳೆಣಿಕೆಯಷ್ಟು, 1989ರಲ್ಲಿ ಒಂದೇ ಒಂದು. ಆಮೇಲೆ ಯಾರಿಗೂ ಕಾಣಲಿಲ್ಲ. ಬೇಲಿಯೊಳಗೆ ಕಾಯ್ದಿದ್ದ ಕಾಡಿನಲ್ಲೇ ಅದು ಅಳಿಯಿತು. ಉಭಯವಾಸಿಗಳನ್ನು ಕೊಲ್ಲುವ ಶಿಲೀಂಧ್ರ ರೋಗ, ಆ ವರ್ಷಗಳ ಒಣಹವೆ, ಬಿಸಿಯೇರುತ್ತಿರುವ ಭೂಮಿ ಎಂದು ವಿಜ್ಞಾನಿಗಳು ಕಾರಣಗಳನ್ನು ಚರ್ಚಿಸುತ್ತ ಬಂದಿದ್ದಾರೆ.

ಕಾಡಿನ ನಡುವೆ ಒಂದು ತೊರೆಯ ಬಳಿ ನಾನು ಬಹಳ ಹೊತ್ತು ನಿಂತೆ. ಮಗಳು, "ಅಮ್ಮಾ, ಸುಸ್ತಾಯಿತಾ?" ಎಂದು ಕೇಳಿದಳು. ಸುಸ್ತಾಗಿರಲಿಲ್ಲ. ನಮ್ಮೂರ ಮನೆಯ ಮೇಲುಗಡೆ, ಕಾನಿನ ಅಂಚಿಗೆ, ನಮ್ಮ ಹೆಸರಿನಲ್ಲಿ ಒಂದೂವರೆ ಎಕರೆ ಮರದ ಜಾಗವಿತ್ತು. ಅದರ ಬುಡದ ಒರತೆಯಿಂದ ಅಡಕೆ ದಬ್ಬೆಯಲ್ಲಿ ಬಚ್ಚಲಿನವರೆಗೆ ವರ್ಷವಿಡೀ ನೀರು ಬರುತ್ತಿತ್ತು. 1983ರಲ್ಲಿ ನಾನು ಬಿ.ಎಡ್. ಓದಲು ಹೊರಟಾಗ ಮನೆಯಲ್ಲಿ ಕಾಸಿರಲಿಲ್ಲ. ಅಪ್ಪಯ್ಯ ಆ ಮರಗಳನ್ನು ನಾಟಾ ವ್ಯಾಪಾರಿಗೆ ಕೊಟ್ಟರು. ಐದಾರು ವರ್ಷಗಳಲ್ಲಿ ಒರತೆ ಬೇಸಗೆಯ ಮೊದಲೇ ಬತ್ತತೊಡಗಿತು. ಅಮ್ಮ ಕೆಳಗಿನ ಬಾವಿಯಿಂದ ಕೊಡ ಹೊತ್ತಳು. ಅಪ್ಪಯ್ಯನನ್ನು ನಾನು ದೂಷಿಸಲಾರೆ. ನಾನು ಉಂಡ ಅನ್ನವೆಲ್ಲ ಆ ಮರಗಳದ್ದೇ. ಆದರೂ ನೀರಿನ ಮೂಲವನ್ನು ಮುಟ್ಟದೆ ಬಿಟ್ಟವರ ಕಾಡಿನಲ್ಲಿ ನಿಂತಾಗ ಆ ಲೆಕ್ಕ ಎದುರಿಗೆ ಬಂದು ನಿಂತಿತು.

ಊರಿಗೆ ಮರಳಿದ ಮೇಲೆ ತಮ್ಮನಿಗೆ ಹೇಳಿದೆ: ಆ ಜಾಗದ ಅಕೇಶಿಯಾ ತೆಗೆಸು, ಮತ್ತೇನನ್ನೂ ನೆಡಬೇಡ, ಬೇಲಿ ಹಾಕಿ ಬಿಟ್ಟುಬಿಡು. ಬೇಲಿಯ ಖರ್ಚಿಗೆ ನನ್ನ ಪಿಂಚಣಿಯಿದೆ. ಕಳೆದ ಮಳೆಗಾಲದಲ್ಲಿ ಹೋಗಿ ನೋಡಿದೆ. ರಂಜಲು, ಹಲಸು, ನೇರಳೆಯ ಸಸಿಗಳು ತಾವಾಗಿಯೇ ಎದ್ದಿವೆ. ಒರತೆ ಇನ್ನೂ ಮರಳಿಲ್ಲ. ನನ್ನ ಕಾಲದಲ್ಲಿ ಮರಳದಿದ್ದರೂ ಸರಿಯೆ. ಮೊಮ್ಮಗಳಿಗೆ ಆ ಜಾಗವನ್ನು ತೋರಿಸಿ ಬಂದಿದ್ದೇನೆ.