ಬ್ರಿಸ್ಟಲ್ ಮೇಯರ್ ಗಾದಿಯ ಎಂಟು ಶತಮಾನ

ಬ್ರಿಸ್ಟಲ್ ಬಂದರು ನಗರ ಹೌದು, ಆದರೆ ಕಡಲ ದಂಡೆಯಲ್ಲಿಲ್ಲ. ಸೆವರ್ನ್ ಅಳಿವೆಯಿಂದ ಏವನ್ ನದಿಯ ಗುಂಟ ಸುಮಾರು ಹತ್ತು ಕಿಲೋಮೀಟರ್ ಒಳಗೆ ಬಂದರೆ ಊರು ಸಿಗುತ್ತದೆ. ಉಬ್ಬರದಲ್ಲಿ ಹತ್ತು ಮೀಟರಿಗೂ ಮಿಕ್ಕಿ ನೀರು ಏರುವ ನದಿ ಅದು. ಇಳಿತವಾದರೆ ಹಿಂದಿನ ಕಾಲದ ಹಡಗುಗಳು ಕೆಸರಿನಲ್ಲಿ ಕೂತುಬಿಡುತ್ತಿದ್ದವು. ಇಷ್ಟು ತೊಡಕಿದ್ದರೂ ಉಣ್ಣೆಬಟ್ಟೆ ಕಳಿಸಿ, ಬೋರ್ಡೋದಿಂದ ವೈನ್ ತರಿಸಿ ಇಲ್ಲಿನ ವರ್ತಕರು ಮಧ್ಯಯುಗದಲ್ಲೇ ಸಿರಿವಂತರಾದರು. ಊರಿನ ಮೇಯರ್ ಪಟ್ಟಿ 1216ರಿಂದ ಶುರುವಾಗುತ್ತದೆ. ಆ ಪಟ್ಟಿಯ ಮೊದಲ ಆರು ನೂರು ವರ್ಷ ಹೆಚ್ಚುಕಡಿಮೆ ವ್ಯಾಪಾರಿಗಳ ಹಾಜರಿ ಪುಸ್ತಕವೇ.

ಗಾದಿಗೆ ನಿಜವಾದ ತೂಕ ಬಂದದ್ದು 1373ರಲ್ಲಿ. ಅಲ್ಲಿಯವರೆಗೆ ಏವನ್ ನದಿಯ ಒಂದು ದಡ ಗ್ಲಾಸ್ಟರ್ ಸೀಮೆಗೆ, ಇನ್ನೊಂದು ದಡ ಸಾಮರ್ಸೆಟ್ ಸೀಮೆಗೆ ಸೇರಿತ್ತು. ವ್ಯಾಜ್ಯವೆದ್ದರೆ ಈ ದಡದವರು ಗ್ಲಾಸ್ಟರಿಗೆ, ಆ ದಡದವರು ಇಲ್‌ಚೆಸ್ಟರಿಗೆ ಅಲೆಯಬೇಕು. ಫ್ರಾನ್ಸಿನೊಂದಿಗಿನ ಯುದ್ಧದಲ್ಲಿ ಮೂರನೇ ಎಡ್ವರ್ಡನ ಖಜಾನೆ ಬರಿದಾಗುತ್ತಿತ್ತು. ಊರಿನವರು 600 ಮಾರ್ಕ್ ತೆತ್ತು ಬ್ರಿಸ್ಟಲನ್ನೇ ಒಂದು ಪ್ರತ್ಯೇಕ ಕೌಂಟಿ ಮಾಡುವ ಸನ್ನದು ಪಡೆದರು. ಲಂಡನ್ ಬಿಟ್ಟರೆ ಇಂಥ ಸ್ಥಾನ ಪಡೆದ ಮೊದಲ ಊರು ಇದೇ. ದುಡ್ಡು ಕೊಟ್ಟು ಕೊಂಡ ಹಕ್ಕು ಎಂಬ ಅರಿವು ಇವರನ್ನು ಮುಂದೆಂದೂ ಬಿಡಲಿಲ್ಲ.

ಆಗಿನ ಮೇಯರ್ ಏನು ಮಾಡುತ್ತಿದ್ದ ಎಂಬುದನ್ನು ತಿಳಿಸುವ ಒಂದು ಅಪರೂಪದ ಪುಸ್ತಕವಿದೆ. 1479ರಲ್ಲಿ ಊರಿನ ಗುಮಾಸ್ತನಾಗಿದ್ದ ರಾಬರ್ಟ್ ರಿಕಾರ್ಟ್ ಮೇಯರರ ಕ್ಯಾಲೆಂಡರ್ ಬರೆಯತೊಡಗಿದ. ಊರಿನ ನಕ್ಷೆ, ಹೊಸ ಮೇಯರ್ ಪ್ರಮಾಣವಚನ ತೆಗೆದುಕೊಳ್ಳುವ ಬಣ್ಣದ ಚಿತ್ರ, ವರ್ಷವಿಡೀ ಮಾಡಬೇಕಾದ ಕೆಲಸಗಳು, ಎಲ್ಲವೂ ಅದರಲ್ಲಿವೆ. ಬ್ರೆಡ್ಡಿನ ತೂಕ, ಏಲ್ ಎಂಬ ಬಿಯರಿನ ಅಳತೆ, ಬಂದರಿಗೆ ಬರುವ ಸೌದೆ ಇವುಗಳ ಮೇಲೆಲ್ಲ ಮೇಯರ್ ಕಣ್ಣಿಡಬೇಕು. ಇನ್ನೊಂದು ವಿವರ ಓದಿದರೆ ನಗು ಬರುತ್ತದೆ. ಡಿಸೆಂಬರಿನ ಸಂತ ನಿಕೊಲಾಸ್ ಹಬ್ಬದಂದು ಬಿಷಪ್ಪನ ವೇಷ ತೊಟ್ಟ ಹುಡುಗನೊಬ್ಬ ಮೆರವಣಿಗೆಯಲ್ಲಿ ಬರುತ್ತಾನೆ. ಅವನು ಬರುವ ತನಕ ಮೇಯರ್ ಮತ್ತು ಅವನ ಸಂಗಡಿಗರು ದಾಳ ಆಡುತ್ತ ಕಾಯಬೇಕು. ದಾಳ ಒದಗಿಸುವುದು ಗುಮಾಸ್ತನ ಕೆಲಸ, ಪ್ರತಿ ಆಟಕ್ಕೂ ಅವನಿಗೆ ಒಂದು ಪೆನ್ನಿ. ತನ್ನ ಪೆನ್ನಿಯನ್ನು ರಿಕಾರ್ಟ್ ಮರೆಯದೆ ದಾಖಲಿಸಿದ್ದಾನೆ.

ರಿಕಾರ್ಟನಿಗಿಂತ ಕೊಂಚ ಮೊದಲು ಐದು ಸಲ ಮೇಯರ್ ಆದವನು ವಿಲಿಯಂ ಕ್ಯಾನಿಂಜಸ್. ಹಡಗುಗಳ ಒಂದು ಪಡೆಯನ್ನೇ ಸಾಕಿದ ಆಸಾಮಿ, ಎಂಟುನೂರು ನಾವಿಕರಿಗೆ ಸಂಬಳ ಕೊಡುತ್ತಿದ್ದನಂತೆ. ಸೇಂಟ್ ಮೇರಿ ರೆಡ್‌ಕ್ಲಿಫ್ ಚರ್ಚಿಗೆ ಧಾರಾಳವಾಗಿ ಸುರಿದ. ಹೆಂಡತಿ ತೀರಿಕೊಂಡ ಮೇಲೆ ಎಲ್ಲ ಬಿಟ್ಟು ಪಾದ್ರಿಯಾದ. ಆ ಚರ್ಚಿನಲ್ಲಿ ಅವನ ಪ್ರತಿಮೆ ಎರಡಿವೆ, ಹೆಂಡತಿಯ ಪಕ್ಕದಲ್ಲಿ ವರ್ತಕನಾಗಿ ಒಂದು, ಪಾದ್ರಿಯಾಗಿ ಇನ್ನೊಂದು.

ಗಾದಿಯ ಕಥೆಯಲ್ಲಿ ಕೊಳಕೂ ಬೇಕಾದಷ್ಟಿದೆ. ಸಣ್ಣಪುಟ್ಟ ಕಳ್ಳತನಕ್ಕೆ ಸಿಕ್ಕಿಬಿದ್ದ ಬಡವರಿಗೆ ನೇಣಿನ ಭಯ ಹುಟ್ಟಿಸಿ, ಅವರು ತಾವಾಗಿಯೇ ಗಡೀಪಾರು ಬೇಡುವಂತೆ ಮಾಡಿ, ಅಮೆರಿಕೆಯ ತೋಟಗಳಿಗೆ ಸಾಗಿಸಿ ದುಡ್ಡು ಮಾಡುವ ದಂಧೆ ಹದಿನೇಳನೆಯ ಶತಮಾನದಲ್ಲಿ ಇಲ್ಲಿತ್ತು. ನ್ಯಾಯಪೀಠದಲ್ಲಿ ಕೂತವರೇ ಅದರ ಪಾಲುದಾರರು. 1685ರಲ್ಲಿ ಊರಿಗೆ ಬಂದ ಮುಖ್ಯ ನ್ಯಾಯಾಧೀಶ ಜೆಫ್ರೀಸ್, ಮೇಯರ್ ವಿಲಿಯಂ ಹೇಮನನನ್ನು ನಿಲುವಂಗಿ ಸಮೇತ ಪೀಠದಿಂದ ಇಳಿಸಿ ಕಟಕಟೆಯಲ್ಲಿ ನಿಲ್ಲಿಸಿ 1,000 ಪೌಂಡ್ ದಂಡ ಹಾಕಿದ. ನೂರಾರು ಬಂಡಾಯಗಾರರನ್ನು ನೇಣಿಗೆ ಕಳಿಸಿ ಕುಖ್ಯಾತನಾದವನ ಕೈಯಿಂದಲೂ ಒಮ್ಮೆ ನ್ಯಾಯ ನಡೆದುಹೋಯಿತು! ಮುಂದಿನ ಶತಮಾನದಲ್ಲಿ ಇದೇ ಬಂದರಿನಿಂದ ಗುಲಾಮರ ಸಾಗಾಟಕ್ಕೆ ಎರಡು ಸಾವಿರಕ್ಕೂ ಹೆಚ್ಚು ಯಾನಗಳು ಹೊರಟವು. ಆಗ ಯಾರೂ ಯಾವ ಮೇಯರನ್ನೂ ಕಟಕಟೆಗೆ ಏರಿಸಲಿಲ್ಲ.

ಜನರ ಸಿಟ್ಟು ಒಡೆದದ್ದು 1831ರ ಅಕ್ಟೋಬರಿನಲ್ಲಿ. ಒಂದು ಲಕ್ಷ ಜನರ ಊರಲ್ಲಿ ಸಂಸತ್ತಿಗೆ ಮತ ಹಾಕಬಲ್ಲವರು ಆರು ಸಾವಿರ. ನಗರಸಭೆಯಂತೂ ತನ್ನ ಸದಸ್ಯರನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಮತಾಧಿಕಾರ ಸುಧಾರಣೆಯನ್ನು ಕಟುವಾಗಿ ವಿರೋಧಿಸುತ್ತಿದ್ದ ಚಾರ್ಲ್ಸ್ ವೆದರೆಲ್ ನ್ಯಾಯಾಲಯ ನಡೆಸಲು ಬಂದಾಗ ಜನ ಕ್ವೀನ್ ಸ್ಕ್ವೇರ್‌ನ ಮೇಯರ್ ನಿವಾಸಕ್ಕೆ ನುಗ್ಗಿದರು. ಮೇಯರ್ ಚಾರ್ಲ್ಸ್ ಪಿನ್ನಿ ಮಾಡು ಹತ್ತಿ ಪಾರಾದ. ಮೂರು ದಿನ ಗಲಭೆ ನಡೆದು ಸೆರೆಮನೆಗಳು, ಬಿಷಪ್ಪನ ಅರಮನೆ, ಸುಂಕದ ಕಟ್ಟೆ ಸುಟ್ಟುಹೋದವು. ಮರುವರ್ಷ ನಾಲ್ವರನ್ನು ಗಲ್ಲಿಗೇರಿಸಿದರು. ಗಲಭೆ ಹತ್ತಿಕ್ಕಬೇಕಿದ್ದ ಸೇನಾಧಿಕಾರಿ ಬ್ರೆರಟನ್ ತನ್ನ ವಿಚಾರಣೆ ಮುಗಿಯುವ ಮುನ್ನವೇ ಗುಂಡು ಹಾರಿಸಿಕೊಂಡ. ಕರ್ತವ್ಯಲೋಪದ ಆರೋಪ ಹೊತ್ತ ಪಿನ್ನಿ ಮಾತ್ರ ಖುಲಾಸೆಯಾದ. ಕೆರಿಬಿಯನ್ನಿನ ನೆವಿಸ್ ದ್ವೀಪದಲ್ಲಿ ಗುಲಾಮರ ದುಡಿಮೆಯಿಂದ ಬೆಳೆದ ಮನೆತನ ಅವನದು.

ಸುಧಾರಣಾ ಮಸೂದೆಯ ಆ ಗದ್ದಲವನ್ನು ಇಂಗ್ಲೆಂಡಿನಲ್ಲೇ ಇದ್ದು ಕಾತರದಿಂದ ಗಮನಿಸುತ್ತಿದ್ದ ರಾಜಾ ರಾಮಮೋಹನ ರಾಯರು 1833ರ ಸೆಪ್ಟೆಂಬರ್ 27ರಂದು ಬ್ರಿಸ್ಟಲಿನಲ್ಲೇ ತೀರಿಕೊಂಡರು. ದ್ವಾರಕಾನಾಥ ಠಾಕೂರರು ಕಟ್ಟಿಸಿದ ಅವರ ಸಮಾಧಿ ಆರ್ನೋಸ್ ವೇಲ್‌ನಲ್ಲಿದೆ.

1835ರ ಕಾಯ್ದೆ ಮುಚ್ಚಿದ ನಗರಸಭೆಗಳ ಬಾಗಿಲು ತೆರೆಯಿತು. ಚುನಾಯಿತ ಸದಸ್ಯರು ಬಂದರು. ಮೇಯರ್ ಗಾದಿ ಮೆಲ್ಲಗೆ ಶೋಭೆಯ ಆಸನವಾಗತೊಡಗಿತು. ಅಧಿಕಾರ ಇಳಿದಂತೆ ಬಿರುದು ಏರಿತು ಎನ್ನಲು ನನಗೇನೂ ಸಂಕೋಚವಿಲ್ಲ: 1899ರಲ್ಲಿ ವಿಕ್ಟೋರಿಯಾ ರಾಣಿ ಈ ಹುದ್ದೆಯನ್ನು ಲಾರ್ಡ್ ಮೇಯರ್ ಎಂದು ಮೇಲಕ್ಕೇರಿಸಿದಳು. ಅದೇ ವರ್ಷ ಊರಿಗೆ ಬಂದು ಮೊದಲ ಲಾರ್ಡ್ ಮೇಯರ್ ಹರ್ಬರ್ಟ್ ಆಶ್ಮನ್‌ಗೆ ಸಾರೋಟಿನಲ್ಲಿ ಕೂತಲ್ಲಿಂದಲೇ ಸರ್ ಪದವಿ ಕೊಟ್ಟಳು. 2020ರವರೆಗೆ ಬೆಂಗಳೂರಿನ ಮೇಯರರಿಗೆ ಇದ್ದಂತೆ ಲಾರ್ಡ್ ಮೇಯರರಿಗೂ ಒಂದೇ ವರ್ಷದ ಅವಧಿ. 1963ರಲ್ಲಿ ಫ್ಲಾರೆನ್ಸ್ ಬ್ರೌನ್ ಮೊದಲ ಮಹಿಳಾ ಲಾರ್ಡ್ ಮೇಯರ್ ಆದರು, 1990ರಲ್ಲಿ ಜಿಮ್ ವಿಲಿಯಮ್ಸ್ ಮೊದಲ ಕರಿಯ ಲಾರ್ಡ್ ಮೇಯರ್. ಶೋಭೆಯ ಆಸನದಿಂದಲೂ ಏನಾದರೂ ಮಾಡಬಹುದೆಂದು ತೋರಿಸಿದವರು ಕ್ಲಿಯೋ ಲೇಕ್. ಗುಲಾಮ ವ್ಯಾಪಾರದಲ್ಲಿ ಗಳಿಸಿದ ಎಡ್ವರ್ಡ್ ಕೋಲ್‌ಸ್ಟನ್‌ನ ಭಾವಚಿತ್ರವನ್ನು 2018ರಲ್ಲಿ ಅವರು ಲಾರ್ಡ್ ಮೇಯರ್ ಕೊಠಡಿಯಿಂದ ತೆಗೆಸಿದರು. ಎರಡು ವರ್ಷದ ಬಳಿಕ ಅವನ ಬೀದಿಯ ಪ್ರತಿಮೆಯನ್ನು ಪ್ರತಿಭಟನಕಾರರು ಉರುಳಿಸಿ ಬಂದರಿನ ನೀರಿಗೆ ನೂಕಿದರು.

ಇದರ ನಡುವೆ ಇನ್ನೊಬ್ಬ ಮೇಯರ್ ಹುಟ್ಟಿಕೊಂಡಿದ್ದ. 2012ರ ಮೇ 3ರಂದು ಹತ್ತು ನಗರಗಳಲ್ಲಿ, ಜನರೇ ನೇರವಾಗಿ ಆರಿಸುವ ಮೇಯರ್ ಬೇಕೇ ಎಂಬ ಜನಮತ ನಡೆಯಿತು. ಬೇಕು ಎಂದದ್ದು ಬ್ರಿಸ್ಟಲ್ ಒಂದೇ, ಅದೂ ನಾಲ್ವರಲ್ಲಿ ಒಬ್ಬರಷ್ಟೇ ಮತ ಹಾಕಿ. ಕೆಂಪು ಪ್ಯಾಂಟಿನ ವಾಸ್ತುಶಿಲ್ಪಿ, ಪಕ್ಷೇತರ ಜಾರ್ಜ್ ಫರ್ಗುಸನ್ ಗೆದ್ದು, ತಮ್ಮ ಸಂಬಳವನ್ನು ಬ್ರಿಸ್ಟಲ್ ಪೌಂಡ್ ಎಂಬ ಸ್ಥಳೀಯ ಹಣದಲ್ಲೇ ಪಡೆದರು. 2016ರಲ್ಲಿ ಲೇಬರ್ ಪಕ್ಷದ ಮಾರ್ವಿನ್ ರೀಸ್ ಬಂದರು. ಅವರ ತಂದೆ ಜಮೈಕಾ ಮೂಲದವರು. 2017ರಲ್ಲಿ ಇಡೀ ಪ್ರಾಂತ್ಯಕ್ಕೊಬ್ಬ ಮೇಯರ್ ಸೇರಿಕೊಂಡು ಒಂದೇ ಊರಿಗೆ ಮೂವರಾದರು. ರಸ್ತೆಯ ಗುಂಡಿಗೆ ಯಾರನ್ನು ಬೈಯಬೇಕು ಎಂಬುದೂ ಜನರಿಗೆ ಸ್ಪಷ್ಟವಿರಲಿಲ್ಲ. ಒಬ್ಬರ ಕೈಯಲ್ಲಿ ಇಷ್ಟು ಅಧಿಕಾರ ಏಕೆ ಎಂದು ನಗರಸಭೆಯ ಸದಸ್ಯರೇ ತಕರಾರು ತೆಗೆದರು. 2022ರ ಮೇ 5ರ ಜನಮತದಲ್ಲಿ ಶೇಕಡಾ 59ರಷ್ಟು ಮಂದಿ ನೇರ ಚುನಾಯಿತ ಮೇಯರ್ ಬೇಡ ಎಂದರು. 2024ರ ಮೇ ತಿಂಗಳಲ್ಲಿ ಆ ಹುದ್ದೆ ಕೊನೆಗೊಂಡು ಆಡಳಿತ ಸದಸ್ಯರ ಸಮಿತಿಗಳ ಕೈಗೆ ಹೋಯಿತು. ನಗರಸಭೆಯಲ್ಲಿ ಲಾರ್ಡ್ ಮೇಯರ್ ಮಾತ್ರ ಉಳಿದುಕೊಂಡರು. 1431ರ ಮುತ್ತಿನ ಖಡ್ಗ ಇಂದಿಗೂ ಆ ಹುದ್ದೆಯ ಲಾಂಛನಗಳಲ್ಲೊಂದು.