ನ್ಹಾವಾ ಶೇವಾ ನಿಂತ ದಿನ: ನಮ್ಮ ವರ್ಕ್‌ಫ್ಲೋ ಹಂತಗಳ ಹಿಂದಿನ ಕಥೆ

ಡೊಂಬಿವಲಿಯಲ್ಲಿ ಗಾಡಿ ಹತ್ತಿ, ಥಾಣೆಯಲ್ಲಿ ಬದಲಿಸಿ, ಐರೋಳಿ-ಘನ್ಸೋಲಿ ಕಡೆ ಇಳಿಯೋ ನಮ್ಮಂಥ ಕನ್ನಡಿಗರಲ್ಲಿ ಸೆಕ್ಯುರಿಟಿ ಕೆಲಸದವರೂ ಇದ್ದೀರಿ. ವರ್ಕ್‌ಫ್ಲೋದಲ್ಲಿ ನಾವು ಮೌಸ್‌ನಿಂದ ಎಳೆದು ಕೂರಿಸೋ ‘ಸ್ಟೇಜ್’, ಅದರೊಳಗಿನ ‘ಆಕ್ಟಿವಿಟಿ’ ಎಲ್ಲಿಂದ ಬಂದವು ಅನ್ನೋದೇ ಇವತ್ತಿನ ಮಾತು.

1988ರ ನವೆಂಬರ್ 2ರಂದು ಮಾರಿಸ್ ವರ್ಮ್ ಹರಡಿದಾಗ, ಯಾರು ಯಾರಿಗೆ ಹೇಳಬೇಕು ಅನ್ನೋ ವ್ಯವಸ್ಥೆಯೇ ಇರಲಿಲ್ಲ. ಅದೇ ತಿಂಗಳು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಮೊದಲ ಸರ್ಟ್ ತಂಡ ಹುಟ್ಟಿತು. ನಮ್ಮ ಸರ್ಟ್-ಇನ್ ಕೆಲಸ ಶುರು ಮಾಡಿದ್ದು 2004ರಲ್ಲಿ. ಅದೇ ವರ್ಷ ಅಮೆರಿಕದ ನಿಸ್ಟ್ ಸಂಸ್ಥೆಯ 800-61 ಕೈಪಿಡಿ ಬಂತು. ಸಿದ್ಧತೆ, ಪತ್ತೆ ಮತ್ತು ವಿಶ್ಲೇಷಣೆ, ತಡೆ, ನಿರ್ಮೂಲನೆ, ಚೇತರಿಕೆ, ಕೊನೆಗೆ ಪಾಠ ಕಲಿಯುವುದು. ಇಂದಿನ ಟೂಲ್‌ಗಳ ಸ್ಟೇಜ್ ಹೆಸರುಗಳು ಹೆಚ್ಚುಕಡಿಮೆ ಇವೇ.

ಈ ಹಂತಗಳ ಬೆಲೆ ನವಿಮುಂಬಯಿಗೆ ಗೊತ್ತಾಗಿದ್ದು 2017ರ ಜೂನ್ 27ರಂದು. ಉಕ್ರೇನಿನ ಒಂದು ಅಕೌಂಟಿಂಗ್ ಸಾಫ್ಟ್‌ವೇರಿನ ಅಪ್‌ಡೇಟ್ ಮೂಲಕ ಹೊರಟ ನಾಟ್‌ಪೆಟ್ಯಾ, ಡೆನ್ಮಾರ್ಕಿನ ಮೇರ್ಸ್ಕ್ ಕಂಪನಿಯ ಜಾಲವನ್ನೇ ನುಂಗಿತು. ನ್ಹಾವಾ ಶೇವಾದ ಜೆಎನ್‌ಪಿಟಿ ಬಂದರಿನಲ್ಲಿ ಆ ಗುಂಪು ನಡೆಸುತ್ತಿದ್ದ ಟರ್ಮಿನಲ್‌ನ ಕಂಪ್ಯೂಟರುಗಳೂ ಸ್ತಬ್ಧವಾದವು. ಕೈಯಿಂದಲೇ ಕೆಲಸ ಸಾಗಿಸಬೇಕಾಯಿತು. 4,000 ಸರ್ವರ್, 45,000 ಪಿಸಿಗಳನ್ನು 10 ದಿನದಲ್ಲಿ ಮತ್ತೆ ಕಟ್ಟಿದೆವು ಅಂತ ಮೇರ್ಸ್ಕ್ ಅಧ್ಯಕ್ಷರು ಆಮೇಲೆ ಹೇಳಿದರು. ನಷ್ಟ 25ರಿಂದ 30 ಕೋಟಿ ಡಾಲರ್. ಅವರ ಡೊಮೇನ್ ಕಂಟ್ರೋಲರುಗಳಲ್ಲಿ ಉಳಿದದ್ದು ಘಾನಾದಲ್ಲಿ ಒಂದೇ. ಅದೂ ಅಲ್ಲಿ ಕರೆಂಟ್ ಹೋಗಿದ್ದರಿಂದ!

ನೋಡಿ, ಆ ಕರೆಂಟ್ ಕಡಿತ ಮಾಡಿದ್ದು ‘ತಡೆ’ ಹಂತದ ಕೆಲಸವನ್ನೇ. ಯಾರ ಅಪ್ರೂವಲ್‌ಗೂ ಅದು ಕಾಯಲಿಲ್ಲ.

ಇದನ್ನೆಲ್ಲ ಓದಿಯೂ ನಾನು ತಪ್ಪಿದ್ದೇನೆ. ಒಂದು ಕಡೆ ತಡೆ ಹಂತದ ಮೊದಲ ಆಕ್ಟಿವಿಟಿಯಾಗಿ ಮ್ಯಾನೇಜರ್ ಒಪ್ಪಿಗೆ ಇಟ್ಟಿದ್ದೆ. ಅಲರ್ಟ್ ಬಂದಾಗ ಆತ ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ. ಡೊಂಬಿವಲಿ-ಥಾಣೆ ನಡುವೆ ಜೇಬಿಗೆ ಕೈ ಹಾಕೋಕೆ ಆಗುತ್ತದೆಯೇ? ಗಾಡಿ ಥಾಣೆ ಮುಟ್ಟೋವರೆಗೆ ವರ್ಕ್‌ಫ್ಲೋ ಕಾದಿತ್ತು. ಒಂದಿದ್ದ ಸೋಂಕು ಅಷ್ಟರಲ್ಲಿ ಮೂರು ಲ್ಯಾಪ್‌ಟಾಪ್‌ಗೆ ಹೋಗಿತ್ತು.

ಈಗ ನಾನು ಹೀಗೆ ಮಾಡುತ್ತೇನೆ. ಒಂದು ಲ್ಯಾಪ್‌ಟಾಪನ್ನು ಜಾಲದಿಂದ ಬೇರ್ಪಡಿಸೋದು ತಾನಾಗಿಯೇ ಆಗಲಿ. ತಪ್ಪಾದರೆ ಮತ್ತೆ ಜೋಡಿಸಬಹುದು. ಬಂದರಿನ ಕ್ರೇನ್ ನಿಲ್ಲಿಸುವಂಥ ಸರ್ವರ್ ಆದರೆ ಮನುಷ್ಯನನ್ನೇ ಕೇಳಲಿ, ಐದು ನಿಮಿಷ ಉತ್ತರ ಬರದಿದ್ದರೆ ಎರಡನೆಯವರಿಗೆ ಹೋಗಲಿ. ಪ್ರತಿ ಸ್ಟೇಜಿಗೂ ‘ಯಾವಾಗ ಮುಗಿಯಿತು’ ಅನ್ನೋ ಷರತ್ತು ಬರೆಯುತ್ತೇನೆ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಕೊಡಬೇಕು. ಹಾಗಾಗಿ ಆ ಗಡಿಯಾರವನ್ನು ಕೊನೆಯ ಸ್ಟೇಜಿಗೆ ಬಿಡದೆ ಪತ್ತೆ ಹಂತದಲ್ಲೇ ಶುರು ಮಾಡುತ್ತೇನೆ. ಮತ್ತೆ, ಫೋನ್ ನಂಬರುಗಳ ಪಟ್ಟಿ ಒಂದು ಕಾಗದದ ಮೇಲೂ ಇರಲಿ.

ನಿಮ್ಮ ವರ್ಕ್‌ಫ್ಲೋ ಯಾರ ಜೇಬಿನ ಫೋನಿಗೆ ಕಾಯುತ್ತಿದೆ? ನಾಳೆ ಆಫೀಸಿಗೆ ಹೋದ ಕೂಡಲೇ ಒಮ್ಮೆ ತೆರೆದು ನೋಡಿ. ಮತ್ತೆ ಸಿಗೋಣ.