ಒಂದು ಪೌಂಡ್ ಧಾನ್ಯ

ತಟ್ಟೆಯಲ್ಲಿ ಅನ್ನ ಬಿಟ್ಟರೆ ಅಜ್ಜಿ ಗದರುತ್ತಿದ್ದಳು: ‘ಧಾತು ಈಶ್ವರದ ಬರ ನೋಡಿದ್ರ ತಿಳೀತಿತ್ತು ನಿನಗ.’ ಅವಳೂ ಅದನ್ನು ಕಂಡವಳಲ್ಲ. 1876ರಿಂದ 78ರವರೆಗಿನ ಆ ಬರ ಸಂವತ್ಸರಗಳ ಹೆಸರಲ್ಲಿ ನಮ್ಮ ಬಳ್ಳಾರಿ ಕಡೆ ಉಳಿದಿತ್ತು.

ಪಿಎಚ್‌ಡಿಗಾಗಿ ಆ ಬರದ ಬಗ್ಗೆ ಓದುತ್ತಿರುವಾಗ ನನ್ನನ್ನು ಕಾಡಿದ್ದು ಸಾವಿನ ಲೆಕ್ಕಕ್ಕಿಂತ ಒಂದು ಕೂಲಿ ದರ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1877ರ ಜನವರಿಯಲ್ಲಿ ವೈಸ್‌ರಾಯ್ ಲಿಟ್ಟನ್ ಕಳುಹಿಸಿದ ರಿಚರ್ಡ್ ಟೆಂಪಲ್, ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದಿಷ್ಟು ಚಿಲ್ಲರೆ ಸಾಕೆಂದ. ಒಂದು ಪೌಂಡ್ ಎಂದರೆ ಅರ್ಧ ಕೆಜಿಗೂ ಕಡಿಮೆ. ಮಣ್ಣು ಹೊರುವವನಿಗೆ ಇದು ಸಾಲದೆಂದು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಷ್ ಪಟ್ಟುಹಿಡಿದು ವಾದಿಸಿದರು.

ಸೋಜಿಗವೆಂದರೆ, 1874ರಲ್ಲಿ ಇದೇ ಟೆಂಪಲ್ ಬರ್ಮಾದ ಅಕ್ಕಿ ತರಿಸಿ ಬಿಹಾರದಲ್ಲಿ ಧಾರಾಳವಾಗಿ ಹಂಚಿದ್ದ. ಹಸಿವಿನಿಂದ ಸತ್ತವರು ತೀರ ಕಡಿಮೆ. ಅವನಿಗೆ ಸಿಕ್ಕಿದ್ದು ದುಂದುಗಾರನೆಂಬ ಟೀಕೆ! ದಕ್ಷಿಣಕ್ಕೆ ಬರುವಾಗ ಅವನು ಆ ಪಾಠ ಕಲಿತೇ ಬಂದಿದ್ದ.

ಬೊಂಬಾಯಿ ಪ್ರಾಂತ್ಯದಲ್ಲಿ ಕೂಲಿ ಕಡಿತಕ್ಕೆ ಒಪ್ಪದೆ ಸಾವಿರಾರು ಜನ ಕಾಮಗಾರಿ ಬಿಟ್ಟು ನಡೆದರು. ಜನರಿಗೆ ಸರ್ಕಾರದ ಮೇಲೆ ನಂಬಿಕೆ ಹೋಯಿತು ಎಂದು ಸುಲಭವಾಗಿ ಬರೆದುಬಿಡಬಹುದು. ನನಗೆ ಕಾಣುವುದು ಬೇರೆ: ಮೊದಲು ನಂಬದೇ ಹೋದದ್ದು ಸರ್ಕಾರ. ಹಸಿದವನು ಸುಳ್ಳು ಹೇಳುತ್ತಾನೆಂದೇ ಅದು ತಕ್ಕಡಿ ಹಿಡಿದಿತ್ತು.

2009ರ ನೆರೆಯಲ್ಲಿ ನಮ್ಮ ಮನೆಯ ಹಿಂಗೋಡೆ ಕುಸಿಯಿತು. ಟೇಪು ಹಿಡಿದು ಬಂದವರು ಅಜ್ಜಿಯನ್ನು ಕೇಳಿದ ಮೊದಲ ಮಾತು: ‘ಇದು ಮೊದಲೇ ಬಿದ್ದಿತ್ತೇನಮ್ಮ?’